ಚಿರೇಕಲ್ಲಿನ ಗೋಡೆ ಬಿರುಕು ಬಿಟ್ಟರೆ: ಸುಣ್ಣವೋ, ಸಿಮೆಂಟೋ, ಸರಳಿನ ಹೊಲಿಗೆಯೋ?

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೆಗೆ, ಹಳೇ ಮನೆ ಅಂದರೆ ಹೆಚ್ಚಾಗಿ ಚಿರೇಕಲ್ಲಿನದು (ಜಂಬಿಟ್ಟಿಗೆಯದು), ಇಲ್ಲವೇ ಮಣ್ಣಿನ ಗೋಡೆಯದು. ಮಳೆಗಾಲ ಮುಗಿದು ಗೋಡೆ ಒಣಗತೊಡಗಿದಾಗ ಬಿರುಕುಗಳು ಎದ್ದು ಕಾಣುತ್ತವೆ. ಆಗ ಸಲಹೆಗೇನೂ ಬರವಿಲ್ಲ. ಗೌಂಡಿ "ಸಿಮೆಂಟ್ ತುಂಬಿ ಬಿಡುವ" ಅನ್ನುತ್ತಾನೆ. ಪೇಂಟ್ ಅಂಗಡಿಯವರು ಒಂದು ಡಬ್ಬಿ ಕೈಗೆ ಕೊಡುತ್ತಾರೆ. ಬೆಂಗಳೂರಿನಿಂದ ಬಂದ ಭಾವ "ಕೆಡವಿ ಹೊಸದು ಕಟ್ಟಿಸು ಮಾರಾಯಾ" ಅಂತ ಹೇಳಿ, ಊಟ ಮಾಡಿ ಹೋಗುತ್ತಾನೆ.

ಮೂರೂ ಸಲಹೆ ಯಾವುದೋ ಒಂದು ಮನೆಗೆ ಸರಿಯೇ. ನಿಮ್ಮ ಮನೆಗೆ ಯಾವುದು ಅನ್ನೋದನ್ನು ಆರಿಸಿಕೊಳ್ಳಲು ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಹಳೇ ಗೋಡೆಗಳನ್ನು ಬಿರುಕಿಗಿಂತ ಜಾಸ್ತಿ ಕೆಡಿಸಿದ್ದು ಅತಿ ಗಟ್ಟಿ ರಿಪೇರಿ. ಗೋಡೆಗಿಂತ ಗಟ್ಟಿಯಾದದ್ದನ್ನು ಬಿರುಕಿಗೆ ತುಂಬಿದರೆ ಬಿರುಕು ಅದರ ಪಕ್ಕದಲ್ಲೇ ಮತ್ತೆ ಏಳುತ್ತದೆ. ಹಾಗಾಗಿ ಸಾಕಾಗುವಷ್ಟು ಮೆತ್ತಗಿನ ರಿಪೇರಿಯಿಂದ ಶುರು ಮಾಡಿ. ಅದು ಸಾಲದು ಅಂತ ಖಾತ್ರಿಯಾದ ಮೇಲೆ ಮುಂದಿನದು.

ಬಿರುಕು ಎಲ್ಲಿದೆ, ಬೆಳೆಯುತ್ತಿದೆಯಾ?

ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ, ಕಲ್ಲುಗಳ ನಡುವಿನ ಸಂದಿನ ದಾರಿ ಹಿಡಿದು ಓರೆಯಾಗಿ ಹೋಗುವ ಬಿರುಕು ಸಾಮಾನ್ಯವಾಗಿ ಪಾಯದ್ದು. ಮನೆಯ ಒಂದು ಮೂಲೆ ಕುಸಿದಿದೆ ಅಂತ ಅರ್ಥ. ಆ ಮೂಲೆಯ ಹೊರಗೆ ಹೋಗಿ ನೋಡಿ. ಬಚ್ಚಲ ನೀರು ಬಿಡುವ ಜಾಗವೋ, ಮಾಡಿನ (ಛಾವಣಿಯ) ನೀರೆಲ್ಲ ಒಟ್ಟಾಗಿ ಬೀಳುವ ಜಾಗವೋ ಬಹಳ ಸಲ ಅಲ್ಲೇ ಇರುತ್ತದೆ.

ಎರಡು ಗೋಡೆ ಸೇರುವ ಕಡೆ ಮೇಲೆ ಅಗಲವಾಗಿದ್ದು, ಕೆಳಗೆ ಬರುತ್ತಾ ಸಣ್ಣಗಾಗುವ ನೇರ ಬಿರುಕು ಇದ್ದರೆ ಮಾಡಿನ ಮೇಲೆ ಅನುಮಾನ ಇಡಿ. ಹಂಚಿನ ಭಾರ ಗೋಡೆಯ ತಲೆಯನ್ನು ಹೊರಗೆ ತಳ್ಳುತ್ತಿರಬಹುದು. ಸ್ಲ್ಯಾಬಿನ ಕೆಳಗೆ ಗೆರೆ ಎಳೆದ ಹಾಗೆ ಅಡ್ಡ ಬಿರುಕು ಬಂದರೆ ಅದು ಬಿಸಿಲಿನ ಕೆಲಸ. ಸ್ಲ್ಯಾಬ್ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗೋಡೆ ಅಷ್ಟು ಅಲುಗುವುದಿಲ್ಲ. ಬಾಗಿಲು, ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆಯ, ಅಂದರೆ ಲಿಂಟಲ್‌ನ, ಉದ್ದಕ್ಕೂ ಬಿರುಕು ಬಿಟ್ಟು, ಜೊತೆಗೆ ಕಂದು ಕಲೆ ಇಳಿದಿದ್ದರೆ ಒಳಗಿನ ಸರಳು ತುಕ್ಕು ಹಿಡಿದಿದೆ. ಹಳೇ ಮನೆಗೆ ಹೊಸ ಅಡುಗೆಮನೆ ಸೇರಿಸಿದ ಕಡೆ ಬರುವ ನೇರ ಸೀಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪಾಯ ಬೇರೆ ಬೇರೆ ವೇಗದಲ್ಲಿ ಕೂರುತ್ತವೆ, ಅಷ್ಟೇ. ಪ್ಲಾಸ್ಟರಿನ ಮೇಲೆ ಬಲೆಯ ಹಾಗೆ ಹರಡಿದ ಕೂದಲೆಳೆ ಬಿರುಕು ಗೋಡೆಯದ್ದೇ ಅಲ್ಲ.

ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ದುಬಾರಿ ಯಂತ್ರ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಪ್ಲಾಸ್ಟರ್ ಕೆರೆದು, ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಗೋಡೆಗೇ ಸಿಮೆಂಟಿನಲ್ಲಿ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಇದಕ್ಕೆ ಒಂದು ಪೂರ್ತಿ ಮಳೆಗಾಲ ಬೇಕು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಹಿಗ್ಗುವುದು, ಕುಸಿಯುವುದು ಎಲ್ಲ ಆಗಲೇ. ಫೆಬ್ರವರಿಯಲ್ಲಿ ಗಾಜು ಅಂಟಿಸಿ ಏಪ್ರಿಲ್‌ನಲ್ಲಿ "ಏನೂ ಆಗಿಲ್ಲ" ಅಂದರೆ ಅದಕ್ಕೆ ಅರ್ಥವಿಲ್ಲ.

ಅಗಲದ ಲೆಕ್ಕಕ್ಕೆ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಮಾಡಿದ ವಿಂಗಡಣೆ ಬಹಳ ಕಡೆ ಬಳಕೆಯಲ್ಲಿದೆ. 1 ಮಿ.ಮೀ. ಒಳಗಿದ್ದರೆ ಬಣ್ಣ ಹೊಡೆಯುವಾಗ ಮುಚ್ಚಿದರೆ ಸಾಕು. 5 ಮಿ.ಮೀ. ತನಕ ತುಂಬಿದರೆ ಆಯಿತು, ಬಾಗಿಲು ಸ್ವಲ್ಪ ಬಿಗಿಯಾಗಬಹುದು. 5ರಿಂದ 15 ಇದ್ದರೆ ಕಲ್ಲು ತೆಗೆದು ಕೂರಿಸುವ ಕೆಲಸ ಬರಬಹುದು. 15 ದಾಟಿದರೆ ಗೋಡೆಯ ಆ ಭಾಗವನ್ನೇ ಬಿಚ್ಚಿ ಕಟ್ಟುವ ಮಾತು. 25 ದಾಟಿದರೆ ಮನೆ ನಿಲ್ಲುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಆದರೆ ವರ್ಷಗಳಿಂದ ಹಾಗೇ ಇರುವ 6 ಮಿ.ಮೀ. ಬಿರುಕಿಗಿಂತ ಒಂದೇ ಮಳೆಗಾಲದಲ್ಲಿ ಹುಟ್ಟಿದ 3 ಮಿ.ಮೀ. ಬಿರುಕಿಗೆ ನಾನು ಜಾಸ್ತಿ ಹೆದರುತ್ತೇನೆ.

ಸುಣ್ಣವೋ ಸಿಮೆಂಟೋ

ಎಲ್ಲರೂ ಜಗಳ ಆಡುವುದು ಇಲ್ಲೇ. ಹಾಗಾಗಿ ಸ್ವಲ್ಪ ಲೆಕ್ಕ ನೋಡೋಣ. ಗೋಡೆಗೆ ಬಳಸುವ ಚಿರೇಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಡೆಯಬೇಕು ಅಂತ ಭಾರತೀಯ ಮಾನಕ ಐಎಸ್ 3620 ಹೇಳುತ್ತದೆ. ಒಂದಕ್ಕೆ ಮೂರು ಮರಳು ಹಾಕಿದ ಸಿಮೆಂಟ್ ಗಾರೆಯ ಬಲ ಸುಮಾರು 10. ಅಂದರೆ ಕಲ್ಲಿಗಿಂತ ಸುಮಾರು ಮೂರು ಪಟ್ಟು ಗಟ್ಟಿ. ಬರೀ ಸುಣ್ಣದ ಗಾರೆ 1ರ ಒಳಗೇ ಇರುತ್ತದೆ. ಗೋಡೆ ಅಲುಗಿದಾಗ ಯಾವುದು ಮೆತ್ತಗಿದೆಯೋ ಅದು ಸೀಳುತ್ತದೆ. ಸುಣ್ಣದ ಸಂದು ಸೀಳಿದರೆ ಮತ್ತೆ ತುಂಬಬಹುದು. ಕಲ್ಲೇ ಸೀಳಿದರೆ ಏನು ಮಾಡುತ್ತೀರಿ?

ಇದಕ್ಕಿಂತ ದೊಡ್ಡ ಸಮಸ್ಯೆ ನೀರು. ಹಳೇ ಮನೆಗಳ ಗೋಡೆ ಮಣ್ಣಿನಲ್ಲಿ ಕಟ್ಟಿದ್ದು, ಹೊರಗೆ ಮಾತ್ರ ಸುಣ್ಣದ ಗಾರೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ದೀಪಾವಳಿ ಹೊತ್ತಿಗೆ ಬಿಡುತ್ತದೆ. ಹೊರಗೆ ಸಿಮೆಂಟ್ ಬಳಿದರೆ ನೀರು ಒಳಹೋಗುವುದು ಪೂರ್ತಿ ನಿಲ್ಲುವುದಿಲ್ಲ. ಬಿರುಕಿನಿಂದ, ತಳದಿಂದ, ಮಾಡಿನ ಸೂರಿನಿಂದ ಹೋಗೇ ಹೋಗುತ್ತದೆ. ಹೊರಬರುವ ದಾರಿ ಮಾತ್ರ ಮುಚ್ಚುತ್ತದೆ. ಒಳಗಿನ ಮಣ್ಣು ಮೆತ್ತಗಾಗಿ, ಒಂದು ದಿನ ಸಿಮೆಂಟಿನ ಹೊದಿಕೆ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಶಿರಸಿ ಕಡೆಯ ಮಣ್ಣಿನ ಗೋಡೆಗಂತೂ ಸಿಮೆಂಟ್ ಬಳಿಯುವುದು ಬೇಡವೇ ಬೇಡ. ಅಲ್ಲಿ ಮಣ್ಣಿನ ಬಿರುಕಿಗೆ ಅದೇ ಮಣ್ಣು, ಮೇಲೆ ಸುಣ್ಣ. ಮಳೆ ಹೊಡೆಯುವ ದಿಕ್ಕಿಗೆ ಹಿಂದಿನವರು ಕಟ್ಟುತ್ತಿದ್ದ ಸೋಗೆ ತಟ್ಟಿ ಇವತ್ತಿಗೂ ಯಾವ ವಾಟರ್‌ಪ್ರೂಫ್ ಡಬ್ಬಿಗಿಂತ ಕಡಿಮೆಯಿಲ್ಲ.

ಹಾಗಂತ ಸುಣ್ಣ ಎಲ್ಲ ಕಡೆಗೂ ಸಲ್ಲುವುದಿಲ್ಲ. ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಹಳ ಶುದ್ಧ. ಅದು ಗಾಳಿ ತಾಗಿಯೇ ಗಟ್ಟಿಯಾಗಬೇಕು. ಸದಾ ಒದ್ದೆ ಇರುವ ಗೋಡೆಯ ತಳದಲ್ಲಿ, ಬಚ್ಚಲ ಹಿಂದೆ, ಅದು ಗಟ್ಟಿಯಾಗುವುದೇ ಇಲ್ಲ. ಅಲ್ಲಿ ಸುಣ್ಣಕ್ಕೆ ಇಟ್ಟಿಗೆ ಪುಡಿ ಅಥವಾ ಹಂಚಿನ ಪುಡಿ ಬೆರೆಸಬೇಕು. ಅತಿಯಾಗಿ ಬೇಯದ ಇಟ್ಟಿಗೆಯ ನುಣ್ಣಗಿನ ಪುಡಿ ಸುಣ್ಣದ ಜೊತೆ ಸೇರಿ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಇನ್ನೊಂದು ತೊಂದರೆ ಸಮಯ. ಸುಣ್ಣದ ಗಾರೆಯನ್ನು ಆಳದ ಸಂದಿಗೆ ಒಂದೇ ಸಲ ತುಂಬುವ ಹಾಗಿಲ್ಲ. ಅರ್ಧ ಇಂಚಿನ ಪದರ, ಅದು ಬಿಗಿಯಾದ ಮೇಲೆ ಇನ್ನೊಂದು. ಬಿಸಿಲು ನೇರ ಬೀಳದ ಹಾಗೆ ಒದ್ದೆ ಗೋಣಿತಾಟು ಕಟ್ಟಿ ಇಡಬೇಕು. ಈ ತಾಳ್ಮೆ ಇರುವ ಗೌಂಡಿ ಸಿಗದಿದ್ದರೆ ಸುಣ್ಣದ ಕೆಲಸ ಮಾಡಿಸದಿರುವುದೇ ವಾಸಿ.

ಸಿಮೆಂಟಿನಲ್ಲೇ ಕಟ್ಟಿದ ಚಿರೇಕಲ್ಲಿನ ಮನೆಯಾದರೆ? ಆಗ ಸುಣ್ಣಕ್ಕೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಆದರೆ 1:3 ಬೇಡ. ಒಂದು ಪಾಲು ಸಿಮೆಂಟ್, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳು ಹಾಕಿದ ಮಿಶ್ರ ಗಾರೆಯ ಬಲ 2ರ ಆಸುಪಾಸು. ಅದು ಕಲ್ಲಿಗಿಂತ ಮೆತ್ತಗೆ, ಬರೀ ಸುಣ್ಣಕ್ಕಿಂತ ಗಟ್ಟಿ, ಬೇಗ ಬಿಗಿಯಾಗುತ್ತದೆ. ನನಗೆ ಕರಾವಳಿಯ ಬಹುತೇಕ ಮನೆಗಳಿಗೆ ಇದೇ ಸರಿ ಅನ್ನಿಸುತ್ತದೆ.

ಮರಳಿನ ವಿಷಯ ಬಿಡಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕಕ್ಕೂ ಕಡಲು ಸೇರುವ ಕಡೆ ಭರತದ ಉಪ್ಪು ನೀರು ಒಳಗೆ ಬಹಳ ದೂರ ಏರುತ್ತದೆ. ಅಲ್ಲಿನ ಮರಳನ್ನು ಸಿಹಿ ನೀರಿನಲ್ಲಿ ತೊಳೆಯದೆ ಹಾಕಿದರೆ ಗೋಡೆ ಬಿಳಿ ಉಪ್ಪು ಬಿಡುತ್ತಲೇ ಇರುತ್ತದೆ, ಮೇಲಿನ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವ ಊರಲ್ಲಿ ನೀರಿನ ಮೇಲೂ ಕಣ್ಣಿರಲಿ.

ಡಬ್ಬಿಯಲ್ಲಿ ಬರುವ ಸೀಲಂಟ್ (ಬಾಗುವ ಅಂಟು) ಮತ್ತು ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಬಗ್ಗೆ ಎರಡೇ ಮಾತು. ಸೀಲಂಟ್ ಬಾಗಿಲ ಚೌಕಟ್ಟಿನ ಸುತ್ತ, ಹಳೇ ಹೊಸ ಗೋಡೆ ಸೇರುವ ಸೀಳಿನಲ್ಲಿ ಒಳ್ಳೆಯದು. ಎಪಾಕ್ಸಿ ಇರುವುದು ಕಾಂಕ್ರೀಟಿಗೆ. ಒದ್ದೆ ಇರುವ, ರಂಧ್ರ ತುಂಬಿದ ಚಿರೇಕಲ್ಲಿಗೆ ಅದನ್ನು ಹಾಕಿಸುವುದು ದುಡ್ಡು ದಂಡ.

ಹೊಲಿಗೆ ಮತ್ತು ಗ್ರೌಟಿಂಗ್

ಬಿರುಕು 5 ಮಿ.ಮೀ. ದಾಟಿದೆ, ಗೋಡೆ ಎರಡು ತುಂಡಾದ ಹಾಗಿದೆ, ಆದರೆ ಬೆಳೆಯುವುದು ನಿಂತಿದೆ ಅಂದುಕೊಳ್ಳಿ. ಆಗ ಬರೀ ತುಂಬಿದರೆ ಸಾಲದು, ಎರಡು ಕಡೆಯನ್ನೂ ಹಿಡಿದು ಕಟ್ಟಬೇಕು. ಇದಕ್ಕೆ ಹೊಲಿಗೆ. ಅಡ್ಡ ಸಂದನ್ನು ಒಂದೂವರೆ ಇಂಚು ಆಳಕ್ಕೆ ಕೆರೆದು, ತೊಳೆದು, ಗಾರೆ ಹಾಕಿ, 6 ಮಿ.ಮೀ. ಸ್ಟೇನ್‌ಲೆಸ್ ಸರಳು ಒತ್ತಿ, ಮೇಲೆ ಮತ್ತೆ ಗಾರೆ. ಸರಳು ಬಿರುಕಿನ ಎರಡೂ ಕಡೆ ಕನಿಷ್ಠ ಅರ್ಧ ಮೀಟರ್ ಹೋಗಬೇಕು. ಎತ್ತರದಲ್ಲಿ ಒಂದೂವರೆ ಅಡಿಗೊಂದು. ಚಿರೇಕಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಎರಡು ವರಸೆಗೊಂದು. ಗೋಡೆ ದಪ್ಪಗಿದ್ದರೆ ಒಳಗೂ ಹೊರಗೂ ಹೊಲಿಯಬೇಕು.

ಇಲ್ಲಿ ದುಡ್ಡು ಉಳಿಸಲು ಮಾಮೂಲಿ ಟಿಎಂಟಿ ಸರಳು ಹಾಕುವವರಿದ್ದಾರೆ. ಕಡಲ ಗಾಳಿಯಲ್ಲಿ, ಮೇಲ್ಮೈಯಿಂದ ಬರೀ ಇಂಚು ಒಳಗೆ, ಅದು ತುಕ್ಕು ಹಿಡಿದೇ ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಆಗ ನಿಮ್ಮ ಹೊಲಿಗೆಯೇ ಹೊಸ ಬಿರುಕು ತರುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಉಪ್ಪಿಗೆ ಹೆಚ್ಚು ಬಾಳಿಕೆ ಬರುತ್ತದೆ. ಸುರುಳಿಯಾಕಾರದ ರೆಡಿಮೇಡ್ ಸರಳು ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಸ್ಟೇನ್‌ಲೆಸ್‌ನ ಥ್ರೆಡ್ ರಾಡ್ ತರಿಸಿದರೂ ನಡೆಯುತ್ತದೆ.

ಗ್ರೌಟಿಂಗ್, ಅಂದರೆ ಗೋಡೆಯೊಳಗಿನ ಪೊಳ್ಳಿಗೆ ತೆಳು ಗಾರೆ ತುಂಬುವುದು, ಬೇರೆ ಕಾಯಿಲೆಯ ಮದ್ದು. ಗೋಡೆಯನ್ನು ಬೆರಳಿನ ಗಂಟಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗಿನ ಮಣ್ಣು ಜಾರಿ ಟೊಳ್ಳಾಗಿದೆ, ಅಥವಾ ಗೆದ್ದಲು, ಇಲಿ ತಮ್ಮ ಕೆಲಸ ಮಾಡಿವೆ. ದಪ್ಪ ಗೋಡೆಯ ಒಳ ಮುಖ ಮತ್ತು ಹೊರ ಮುಖ ಒಂದನ್ನೊಂದು ಬಿಟ್ಟಿರಲೂಬಹುದು. ಅಂಥ ಕಡೆ ಅರ್ಧ ಅಡಿಯಿಂದ ಒಂದಡಿ ಅಂತರದಲ್ಲಿ ಸಣ್ಣ ಪೈಪು ಕೂರಿಸಿ, ಕೆಳಗಿನಿಂದ ಮೇಲಕ್ಕೆ ತೆಳು ಗಾರೆ ತುಂಬುತ್ತಾ ಬರುತ್ತಾರೆ. ಸಿಮೆಂಟಿನ ಗೋಡೆಯಾದರೆ ಸಿಮೆಂಟ್ ಹಾಲು ಸಾಕು. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಮಾತ್ರ ಎಚ್ಚರ. ನೀರು ಜಾಸ್ತಿಯಾದರೆ ಉಳಿದ ಮಣ್ಣೂ ತೊಳೆದುಹೋಗುತ್ತದೆ. ಸುಣ್ಣ, ಇಟ್ಟಿಗೆ ಪುಡಿಯ ಗ್ರೌಟ್, ಕಡಿಮೆ ನೀರು, ಒತ್ತಡ ಬಹಳ ಕಡಿಮೆ, ದಿನಕ್ಕೆ ಒಂದು ಒಂದೂವರೆ ಅಡಿ ಎತ್ತರ. ಒಂದೇ ದಿನ ಪೂರ್ತಿ ತುಂಬಿದರೆ ಒದ್ದೆ ಭಾರಕ್ಕೆ ಗೋಡೆ ಹೊಟ್ಟೆ ಬಿಟ್ಟು ನಿಲ್ಲುತ್ತದೆ. ಎರಡು ಮುಖಗಳೂ ಬಿಟ್ಟುಕೊಂಡಿದ್ದರೆ ಗ್ರೌಟಿಂಗ್ ಒಂದೇ ಸಾಲದು. ಗೋಡೆಯ ಆರ್ಪಾರ್ ಹೋಗುವ ಉದ್ದ ಕಲ್ಲನ್ನೋ, ತೂತು ಕೊರೆದು ಕೊಕ್ಕೆ ಸರಳಿಟ್ಟ ಕಾಂಕ್ರೀಟನ್ನೋ ಅಲ್ಲಲ್ಲಿ ಕೂರಿಸಬೇಕು.

ಸ್ಲ್ಯಾಬ್, ಲಿಂಟಲ್, ಮಾಡು

ಸ್ಲ್ಯಾಬಿನ ಕೆಳಗಿನ ಅಡ್ಡ ಬಿರುಕನ್ನು ಸರಳು ಹಾಕಿ ಹೊಲಿಯಬೇಡಿ. ಬಿಸಿಲು ಇರುವ ತನಕ ಅದು ಅಲುಗುತ್ತದೆ. ಅಲ್ಲಿ ಗಾರೆಯ ಬದಲು ನೇರ ಗೀರು ತೆಗೆದು ಬಾಗುವ ಸೀಲಂಟ್ ತುಂಬಿಸಿ. ಸ್ಲ್ಯಾಬಿಗೆ ನೆರಳು ಕೊಟ್ಟರೆ ಅಲುಗಾಟವೇ ಕಡಿಮೆ. ಸೋರುತ್ತದೆ ಅಂತ ನಮ್ಮ ಕಡೆ ಸ್ಲ್ಯಾಬಿನ ಮೇಲೆ ಶೀಟಿನ ಮಾಡು ಹಾಕುತ್ತಾರಲ್ಲ, ಅದು ನೋಡಲು ಚಂದ ಇಲ್ಲ. ಆದರೆ ಈ ಬಿರುಕಿಗೆ ಅದಕ್ಕಿಂತ ಒಳ್ಳೆಯ ಮದ್ದು ಸಿಗುವುದು ಕಷ್ಟ.

ತುಕ್ಕು ಹಿಡಿದ ಲಿಂಟಲಿಗೆ ಎರಡು ದಾರಿ. ಒಡೆದ ಕಾಂಕ್ರೀಟ್ ಪೂರ್ತಿ ತೆಗೆದು, ಸರಳಿನ ಹಿಂಬದಿಯನ್ನೂ ಬಿಡದೆ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯಲ್ಲಿ ಕಟ್ಟುವುದು ಒಂದು. ಸರಳು ಕಾಲು ಭಾಗದಷ್ಟು ಸವೆದಿದ್ದರೆ ಆ ಶ್ರಮ ದಂಡ. ಲಿಂಟಲನ್ನೇ ತೆಗೆದು ಹೊಸದು ಹಾಕಿಸಿ. ಹೊಸ ಲಿಂಟಲಿಗೆ ಉಪ್ಪಿನ ಮರಳು ಬೀಳದಂತೆ ನೋಡಿಕೊಳ್ಳಿ. ಸರಳಿರುವ ಕಾಂಕ್ರೀಟ್ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 456ರ ನಿಯಮ. ಚಿಕ್ಕ ಕಿಟಕಿಯಾದರೆ ಚಿರೇಕಲ್ಲಿನದೇ ಕಮಾನು ಕಟ್ಟುವ ಗೌಂಡಿ ಸಿಕ್ಕರೆ ಬಿಡಬೇಡಿ. ಅದಕ್ಕೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ.

ಮಾಡು ತಳ್ಳಿದ ಗೋಡೆಗೆ ಗೋಡೆಯ ರಿಪೇರಿ ಮಾಡಿ ಏನೂ ಪ್ರಯೋಜನವಿಲ್ಲ. ಅಟ್ಟದಲ್ಲಿ ಎರಡು ಗೋಡೆಗಳನ್ನು ಹಿಡಿದಿಡುವ ಅಡ್ಡ ತೊಲೆಯ ತುದಿ ನೋಡಿ. ಗೋಡೆಯೊಳಗೆ ಹೂತ ಆ ತುದಿಯೇ ಮೊದಲು ಲಡ್ಡಾಗುವುದು. ತೊಲೆ ಬದಲಾಯಿಸಿ, ಇಲ್ಲವೇ ಆಚೆ ಈಚೆ ಗೋಡೆಗೆ ಪ್ಲೇಟ್ ಕೊಟ್ಟು ಕಬ್ಬಿಣದ ಕಂಬಿ ಎಳೆದು ಬಿಗಿಸಿ. ಹಂಚು ತೆಗೆದಿದ್ದೇ ಹೌದಾದರೆ ಗೋಡೆಯ ತಲೆಯ ಮೇಲೆ ಸುತ್ತಲೂ ಒಂದು ಆರ್‌ಸಿಸಿ ಪಟ್ಟಿ ಹಾಕಿಸುವ ಬಗ್ಗೆಯೂ ಯೋಚಿಸಿ. ಐಎಸ್ 1893ರ 2002ರ ಆವೃತ್ತಿಯಲ್ಲಿ ಕಾರವಾರ ಭೂಕಂಪದ 3ನೇ ವಲಯದಲ್ಲಿದೆ. ಹೆದರುವಂಥದ್ದಲ್ಲ, ಆದರೆ ಮಾಡು ಬಿಚ್ಚಿದಾಗ ಇದನ್ನು ಮಾಡಿಸಿದರೆ ಖರ್ಚು ಕಡಿಮೆ.

ಪಾಯ ತೋಡುವ ಮೊದಲು

ಕುಸಿದ ಮೂಲೆಗೆ ಪಾಯದ ಕೆಳಗೆ ತೋಡಿ ಕಾಂಕ್ರೀಟ್ ಕೊಡುವ ಕೆಲಸ ಎಲ್ಲಕ್ಕಿಂತ ದುಬಾರಿ, ಅಪಾಯವೂ ಜಾಸ್ತಿ. ಅದಕ್ಕೆ ಮೊದಲು ಒಂದು ವರ್ಷ ನೀರಿನ ದಾರಿ ತಪ್ಪಿಸಿ ನೋಡಿ. ಮಾಡಿನ ನೀರಿಗೆ ದೋಣಿ ಹಾಕಿಸಿ, ಬಚ್ಚಲ ನೀರನ್ನು ಪೈಪಿನಲ್ಲಿ ತೋಟಕ್ಕೆ ಒಯ್ಯಿರಿ, ಇಂಗುಗುಂಡಿ ಗೋಡೆಗೆ ಹತ್ತಿರವಿದ್ದರೆ ದೂರ ಮಾಡಿ, ಮನೆ ಸುತ್ತ ಹೊರಗೆ ಇಳಿಜಾರಾಗಿ ಕಟ್ಟೆ ಮಾಡಿಸಿ. ಬಹಳ ಮನೆಗಳಲ್ಲಿ ಗಾಜಿನ ಪಟ್ಟಿ ಮುಂದಿನ ಮಳೆಗಾಲದಲ್ಲಿ ಒಡೆಯುವುದಿಲ್ಲ. ಆಮೇಲೆ ಬಿರುಕಿಗೆ ಮಿಶ್ರ ಗಾರೆ, ಒಂದೆರಡು ಹೊಲಿಗೆ, ಮುಗಿಯಿತು.

ಆದರೂ ಒಡೆದರೆ ತೋಡಲೇಬೇಕು. ಆಗ ಎಂಜಿನಿಯರ್ ಇಲ್ಲದೆ ಕೈ ಹಾಕಬೇಡಿ. ಪಾಯದ ಕೆಳಗೆ ಒಮ್ಮೆಗೆ ಮೂರು ನಾಲ್ಕು ಅಡಿ ಉದ್ದ ಮಾತ್ರ ತೋಡಬೇಕು, ಪಕ್ಕದ ತುಂಡು ಮುಟ್ಟದೆ ಬಿಟ್ಟು ಬಿಟ್ಟು. ಮೊದಲಿನದು ಗಟ್ಟಿಯಾದ ಮೇಲೆ ನಡುವಿನದು. ಕಾಂಕ್ರೀಟಿಗೂ ಹಳೇ ಪಾಯಕ್ಕೂ ನಡುವೆ ಉಳಿಯುವ ಸಂದಿಗೆ ಒಣ ಗಾರೆ ಹೊಡೆದು ತುಂಬಬೇಕು. ಇದನ್ನು ಬಿಟ್ಟರೆ ಅಷ್ಟೂ ಕೆಲಸ ವ್ಯರ್ಥ, ಗೋಡೆ ಆ ಸಂದಿನಷ್ಟು ಮತ್ತೆ ಕೂರುತ್ತದೆ. ಕಾರವಾರದ ಕೋಡಿಬಾಗ, ಮಾಜಾಳಿಯಂಥ ಮರಳು ನೆಲದಲ್ಲಿ ನೀರು ಮೇಲೇ ಇರುತ್ತದೆ. ಅಲ್ಲಿ ಮಾರ್ಚ್, ಏಪ್ರಿಲ್ ಬಿಟ್ಟು ಬೇರೆ ತಿಂಗಳಲ್ಲಿ ತೋಡುವ ಯೋಚನೆ ಬೇಡ.

ಬಿಚ್ಚಿ ಕಟ್ಟುವುದು ಯಾವಾಗ? ದಾರಕ್ಕೆ ಗುಂಡು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಡಿ. ಒಂದು ಅಂತಸ್ತಿನಲ್ಲಿ ಒಂದು ಇಂಚಿನ ಒಳಗಿನ ವಾಲಿಕೆ ಸಾಮಾನ್ಯವಾಗಿ ಗಾಬರಿ ಪಡುವಂಥದ್ದಲ್ಲ. ಅದಕ್ಕಿಂತ ಜಾಸ್ತಿ ವಾಲಿ, ಹೊಟ್ಟೆಯೂ ಬಿಟ್ಟಿದ್ದರೆ ಮಾಡಿಗೆ ಆಸರೆ ಕಂಬ ಕೊಟ್ಟು ಆ ಭಾಗವನ್ನು ಬಿಚ್ಚಿ. ಹಳೇ ಚಿರೇಕಲ್ಲು ಗಾಳಿಗೆ ಗಟ್ಟಿಯಾಗಿರುತ್ತದೆ, ಅದನ್ನೇ ಮತ್ತೆ ಬಳಸಿ. ಒಂದು ಗೋಡೆ ಹೀಗಾಯಿತು ಅಂತ ಇಡೀ ಮನೆ ಕೆಡವುವ ಅಗತ್ಯ ಬೀಳುವುದು ಅಪರೂಪ. ಭಾವನಿಗೆ ಬೇಜಾರಾಗಬಹುದು, ಇರಲಿ.

ಯಾವ ರಿಪೇರಿಗೂ ಬಗ್ಗದ ಬಿರುಕು

ಮನೆ ಹಿಂದೆ ಧರೆ (ಗುಡ್ಡದ ಏರು) ಕಡಿದು ಅಂಗಳ ಮಾಡಿದ್ದೀರಾ? ಗೋಡೆಯ ಬಿರುಕಿನ ಜೊತೆ ಅಂಗಳದಲ್ಲೂ, ಧರೆಯ ನೆತ್ತಿಯಲ್ಲೂ ಉದ್ದ ಸೀಳು ಕಂಡರೆ, ಮೊದಲು ನೀರಿಲ್ಲದ ಕಡೆ ಕೆಸರು ನೀರು ಒಸರತೊಡಗಿದರೆ, ಮರ, ಕಂಬ ಓರೆಯಾದರೆ ಅದು ಗೋಡೆಯ ತೊಂದರೆಯಲ್ಲ. ಗುಡ್ಡ ಜಾರುತ್ತಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಸುಣ್ಣ, ಸಿಮೆಂಟ್ ಅಂತ ಹೋಲಿಕೆ ಮಾಡುತ್ತಾ ಕೂರುವಂತಿಲ್ಲ. ಅದೇ ದಿನ ಮನೆ ಬಿಟ್ಟು ಹೊರಬಿದ್ದು ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ.

ಉಳಿದವರಿಗೆ ಕೆಲಸದ ಕ್ರಮ ಹೀಗೆ. ಮಳೆಗಾಲದಲ್ಲಿ ಗಾಜಿನ ಪಟ್ಟಿ ಗಮನಿಸಿ. ನವೆಂಬರ್‌ನಲ್ಲಿ ನೀರಿನ ದಾರಿ ಸರಿ ಮಾಡಿ. ಗೋಡೆ ಒಣಗಿದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಗಾರೆಯ ಕೆಲಸ ಹಿಡಿಯಿರಿ. ಏಪ್ರಿಲ್ ಕೊನೆಗೆ ಶುರು ಮಾಡಿದ ಸುಣ್ಣ ಜೂನ್ ಮಳೆಗೆ ತೊಳೆದುಹೋಗುತ್ತದೆ. ಗೌಂಡಿಗೆ ಇಡೀ ಮನೆ ಒಪ್ಪಿಸುವ ಮೊದಲು ಹಿಂದಿನ ಗೋಡೆಯಲ್ಲಿ ಒಂದು ಬಿರುಕು ಮಾತ್ರ ಮಾಡಿಸಿ, ಎರಡು ವಾರ ಬಿಟ್ಟು ಉಗುರಿನಿಂದ ಗೀರಿ ನೋಡಿ. ಪುಡಿ ಉದುರಿದರೆ ಮರಳನ್ನೋ ನೀರು ಹಾಕುವುದನ್ನೋ ಸರಿ ಮಾಡಿಸಿ. ಅಂಚಿನಲ್ಲಿ ಕೂದಲೆಳೆ ಬಿಟ್ಟಿದ್ದರೆ ಸಿಮೆಂಟ್ ಜಾಸ್ತಿಯಾಗಿದೆ, ಇಲ್ಲವೇ ಬೇಗ ಒಣಗಿದೆ. ಎರಡೂ ಇಲ್ಲವಾದರೆ ಮುಂಗಡ ಕೊಡಿ.